ಜೆಸಿಬಿ ಬರುವ ಮೊದಲು ನಕ್ಷೆ ಓದುವವರು: ಹಾಸನಕ್ಕೆ ಬೇಕಾದ ವಾಸ್ತುಶಿಲ್ಪಿ ಯಾರು?

ಹಾಸನ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸಲು ರಾಜ್ಯ ಸರ್ಕಾರ ತೀರ್ಮಾನಿಸಿದ ಮೇಲೆ ಊರಿನ ಚರ್ಚೆಯೆಲ್ಲ ವಾರ್ಡ್‌ಗಳ ಸಂಖ್ಯೆ, ತೆರಿಗೆಯ ಏರಿಕೆ, ಅನುದಾನದ ಮೊತ್ತಗಳ ಸುತ್ತಲೇ ನಡೆದಿದೆ. 2011ರ ಜನಗಣತಿಯಲ್ಲಿ ನಗರಸಭೆ ವ್ಯಾಪ್ತಿಯ ಜನಸಂಖ್ಯೆ 1.3 ಲಕ್ಷದ ಆಸುಪಾಸಿನಲ್ಲಿತ್ತು. ಈಗ ಸುತ್ತಲಿನ ಗ್ರಾಮ ಪಂಚಾಯಿತಿಗಳ ಊರುಗಳು, ಅವುಗಳ ಜೊತೆಗೆ ಹೊಲ, ಹಳ್ಳ, ಕೆರೆ, ಗೋಮಾಳಗಳು ನಗರದೊಳಗೆ ಬರುತ್ತವೆ. ಆ ನೆಲದ ಮೇಲೆ ಮುಂದಿನ ಇಪ್ಪತ್ತು ವರ್ಷಗಳಿಗೆ ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಶಾಲೆ ಎಲ್ಲಿ ಎಂದು ಗೆರೆ ಎಳೆಯುವವರು ಯಾರು? ಅವರ ಕೈಯಲ್ಲಿ ಯಾವ ಉಪಕರಣ ಇರುತ್ತದೆ? ಅವರ ಮಾತಿಗೆ ಕಚೇರಿಯಲ್ಲಿ ಎಷ್ಟು ಬೆಲೆ ಇರುತ್ತದೆ? ನನಗೆ ಪಾಲಿಕೆಯ ಪಟ್ಟಕ್ಕಿಂತ ಈ ಪ್ರಶ್ನೆಗಳೇ ದೊಡ್ಡವು.

ಈ ಕೆಲಸಕ್ಕೆಂದೇ ಒಂದು ವೃತ್ತಿ ಜಗತ್ತಿನಲ್ಲಿ ಕಳೆದ ಮೂರು ದಶಕಗಳಲ್ಲಿ ರೂಪುಗೊಂಡಿದೆ. ವಾಸ್ತುಶಿಲ್ಪ ಓದಿ, ಕಟ್ಟಡದ ಗೋಡೆಯಾಚೆಗೆ ಬೀದಿ, ಬಡಾವಣೆ, ಊರು ಎಂದು ಕಣ್ಣು ಹಾಯಿಸಿ, ಅದಕ್ಕೆ ಗಣಕ, ಉಪಗ್ರಹ, ದತ್ತಾಂಶಗಳನ್ನು ಬಳಸುವವರ ವೃತ್ತಿ ಅದು. ನಮ್ಮ ಕಡೆ ಕಂಪ್ಯೂಟರ್ ಬಲ್ಲ ವಾಸ್ತುಶಿಲ್ಪಿ ಎಂದರೆ ಮನೆಯ ಮುಂಭಾಗದ ಮೂರು ಆಯಾಮದ ಚಿತ್ರವನ್ನು ಬಣ್ಣಬಣ್ಣವಾಗಿ ಮಾಡಿಕೊಡುವವರು ಎಂಬ ತಿಳಿವಳಿಕೆ ಬೇರೂರಿದೆ. ಆ ಚಿತ್ರದಲ್ಲಿ ಮನೆಯ ಮುಂದೆ ಹುಲ್ಲುಹಾಸು, ಕಾರು, ನೀಲಿ ಆಕಾಶ ಎಲ್ಲವೂ ಇರುತ್ತವೆ. ಮಳೆನೀರು ಎತ್ತ ಹೋಗುತ್ತದೆ ಎಂಬುದು ಮಾತ್ರ ಇರುವುದಿಲ್ಲ. ನಾನು ಹೇಳುತ್ತಿರುವ ವೃತ್ತಿ ಆ ನೀರಿನಿಂದಲೇ ಆರಂಭವಾಗುತ್ತದೆ.

ಡಿಜಿಟಲ್ ತಂತ್ರಜ್ಞಾನ ನಮ್ಮ ನಗರಾಡಳಿತಕ್ಕೆ ಬಂದಿಲ್ಲವೆಂದಲ್ಲ. ಇ-ಖಾತೆ ಇದೆ, ಆನ್‌ಲೈನ್ ಆಸ್ತಿ ತೆರಿಗೆ ಇದೆ, ವೃತ್ತಗಳಲ್ಲಿ ಕ್ಯಾಮೆರಾ ಇವೆ. ಆದರೆ ಇವೆಲ್ಲವೂ ಊರು ಕಟ್ಟಿ ಮುಗಿದ ಮೇಲೆ ಬರುವಂಥವು. ಸೈಟು ಆದ ಮೇಲೆ ಖಾತೆ, ಮನೆ ಎದ್ದ ಮೇಲೆ ತೆರಿಗೆ, ದಟ್ಟಣೆ ಹುಟ್ಟಿದ ಮೇಲೆ ಕ್ಯಾಮೆರಾ. ಅನುಮೋದನೆಯಿಲ್ಲದ ಬಡಾವಣೆಗಳ ಸ್ವತ್ತುಗಳಿಗೆ ಬಿ ಖಾತೆ ಕೊಡುವ ಅಭಿಯಾನವನ್ನು ರಾಜ್ಯ ಸರ್ಕಾರ 2025ರಲ್ಲಿ ನಡೆಸಿತು. ಕೊಂಡವರ ಕಷ್ಟಕ್ಕೆ ಅದು ಬೇಕಿತ್ತು, ಒಪ್ಪುತ್ತೇನೆ. ಆದರೂ ಹಳ್ಳದ ಮೇಲೆ ಬಿದ್ದ ಸೈಟಿಗೆ ಖಾತೆ ಸಿಕ್ಕಿದ ಮಾತ್ರಕ್ಕೆ ಹಳ್ಳ ಬೇರೆ ಕಡೆ ಹರಿಯುವುದಿಲ್ಲ. ತಂತ್ರಜ್ಞಾನದ ನಿಜವಾದ ಬೆಲೆ ಇರುವುದು ಕಟ್ಟುವ ಮೊದಲು ನೋಡುವುದರಲ್ಲಿ, ಮತ್ತು ಹಾಸನದಂಥ ಊರಿನಲ್ಲಿ ಅದು ನಡೆಯುತ್ತಿಲ್ಲ.

ವೃತ್ತಿ ಬೆಳೆದ ದಾರಿ

ಇಟಲಿಯ ಟ್ಯೂರಿನ್ ನಗರದ ಕಾರ್ಲೊ ರಾಟ್ಟಿ ಈ ಬಗೆಯ ವೃತ್ತಿಜೀವನಕ್ಕೆ ಇಂದು ಎಲ್ಲರೂ ಕೊಡುವ ಉದಾಹರಣೆ. ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಎರಡನ್ನೂ ಓದಿದ ಅವರು 2004ರಲ್ಲಿ ಅಮೆರಿಕದ ಎಂಐಟಿಯಲ್ಲಿ ನಗರ ಅಧ್ಯಯನದ ಪ್ರಯೋಗಾಲಯವೊಂದನ್ನು ಕಟ್ಟಿದರು. 2006ರಲ್ಲಿ ಅವರ ತಂಡ ರೋಮ್ ನಗರದ ಮೊಬೈಲ್ ಜಾಲದ ದತ್ತಾಂಶವನ್ನು ನಕ್ಷೆಯ ಮೇಲೆ ಹರಡಿತು. ಆ ವರ್ಷ ಇಟಲಿ ವಿಶ್ವಕಪ್ ಫುಟ್‌ಬಾಲ್ ಗೆದ್ದ ರಾತ್ರಿ ಜನ ಎಲ್ಲಿಂದ ಎಲ್ಲಿಗೆ ಉಕ್ಕಿ ಹರಿದರೆಂಬುದು ನಕ್ಷೆಯಲ್ಲಿ ಮೂಡಿತು. 2009ರಲ್ಲಿ ಸಿಯಾಟಲ್ ನಗರದ ಮನೆಗಳ ಕಸಕ್ಕೆ ಪುಟ್ಟ ಸಂವೇದಕಗಳನ್ನು ಅಂಟಿಸಿ, ಅದು ಎಲ್ಲೆಲ್ಲಿ ಹೋಗಿ ಸೇರುತ್ತದೆಂದು ಹಿಂಬಾಲಿಸಿದರು. ಕೆಲವು ವಸ್ತುಗಳು ದೇಶದ ಇನ್ನೊಂದು ಅಂಚಿನವರೆಗೂ ಪಯಣಿಸಿದ್ದವು. 2025ರ ವೆನಿಸ್ ವಾಸ್ತುಶಿಲ್ಪ ಪ್ರದರ್ಶನದ ಹೊಣೆ ಅವರಿಗೆ ಸಿಕ್ಕಿತು. ಕಟ್ಟಡ ಕಟ್ಟುವಷ್ಟೇ ಮುಖ್ಯವಾಗಿ ಊರನ್ನು ಅಳೆಯುವ ಕೆಲಸವೂ ವಾಸ್ತುಶಿಲ್ಪಿಯದು ಎಂದು ಜಗತ್ತು ಒಪ್ಪಿಕೊಂಡಿದೆ.

ರಾಟ್ಟಿಯವರ ಕೆಲಸ ಕಣ್ಸೆಳೆಯುವಂಥದ್ದು. ಆದರೆ ನಮ್ಮ ಊರಿನ ಅಳತೆಗೆ ನನಗೆ ಹೆಚ್ಚು ಹತ್ತಿರವೆನಿಸುವುದು ಲಂಡನ್ನಿನ ಟ್ರಫಾಲ್ಗರ್ ಚೌಕದ ಕಥೆ. ಬಿಲ್ ಹಿಲಿಯರ್ ಮತ್ತು ಅವರ ಸಂಗಡಿಗರು ಲಂಡನ್ ವಿಶ್ವವಿದ್ಯಾಲಯದಲ್ಲಿ ಬೀದಿಗಳ ಜೋಡಣೆಯನ್ನು ಗಣಿತದ ಜಾಲವಾಗಿ ಕಾಣುವ ವಿಧಾನವನ್ನು ರೂಪಿಸಿದ್ದರು. ಯಾವ ಬೀದಿ ಉಳಿದ ಬೀದಿಗಳಿಗೆ ಎಷ್ಟು ಸುಲಭವಾಗಿ ಕೂಡಿಕೊಂಡಿದೆ ಎಂಬುದರ ಮೇಲೆ ಅಲ್ಲಿ ಜನ ನಡೆಯುತ್ತಾರೋ ಇಲ್ಲವೋ ಎಂದು ಬಹುಮಟ್ಟಿಗೆ ಊಹಿಸಬಹುದು ಎಂಬುದು ಅದರ ತಿರುಳು. ಚೌಕದಲ್ಲಿ ಜನ ನಡೆಯುವ ದಾರಿಗಳನ್ನು ಗುರುತು ಹಾಕಿ ನೋಡಿದಾಗ ಸ್ಥಳೀಯರು ನಡುಭಾಗವನ್ನು ಬಿಟ್ಟು ಸುತ್ತಿ ಹೋಗುತ್ತಿದ್ದುದು ತಿಳಿಯಿತು. ಉತ್ತರ ಬದಿಯ ರಸ್ತೆಯನ್ನು ವಾಹನಗಳಿಗೆ ಮುಚ್ಚಿ, ನಡುವೆ ಅಗಲವಾದ ಮೆಟ್ಟಿಲು ಕಟ್ಟಿದರು. 2003ರಲ್ಲಿ ಹೊಸ ಚೌಕ ತೆರೆಯಿತು, ಜನ ನಡುವಿನಿಂದಲೇ ನಡೆದರು. ಅಲ್ಲಿ ದುಬಾರಿ ಸಂವೇದಕಗಳಿರಲಿಲ್ಲ. ಎಣಿಕೆ, ಗಣಿತ, ಒಂದು ಮೆಟ್ಟಿಲು.

ಹಾಸನಕ್ಕೂ ಬೇಕಿರುವುದು ಈ ಬಗೆಯ ಕೆಲಸ. ಅದನ್ನು ಮಾಡಲು ಸಾಮಗ್ರಿ ಎಷ್ಟಿದೆ ಎಂಬುದನ್ನು ಹೇಳಿದರೆ ಹಲವರಿಗೆ ಅಚ್ಚರಿಯಾದೀತು.

ಹಳ್ಳ ಎಲ್ಲಿತ್ತು?

ಹೊಸ ಬಡಾವಣೆ ಬರುವ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಹಳ್ಳಿಯ ಗ್ರಾಮನಕಾಶೆಯಲ್ಲಿ ಕೆರೆ, ಹಳ್ಳ, ಬಂಡಿದಾರಿ, ಸ್ಮಶಾನ ಎಲ್ಲವೂ ಗುರುತಾಗಿವೆ. ಹಳ್ಳ ಮತ್ತು ದಾರಿಗಳು ದಾಖಲೆಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ಈ ನಕಾಶೆಗಳನ್ನು ಭೂಮಾಪನ ಇಲಾಖೆ ಉಪಗ್ರಹ ಚಿತ್ರದೊಂದಿಗೆ ಹೊಂದಿಸಿ ದಿಶಾಂಕ್ ಆ್ಯಪ್‌ನಲ್ಲಿ ಕೊಟ್ಟಿದೆ. ನಿಂತ ಜಾಗದ ಸರ್ವೆ ನಂಬರ್ ಮೊಬೈಲ್‌ನಲ್ಲೇ ಕಾಣುತ್ತದೆ. ಸೈಟು ಕೊಳ್ಳುವವರು ಇದನ್ನು ಬಳಸಲು ಕಲಿತಿದ್ದಾರೆ. ಬಡಾವಣೆಯ ನಕ್ಷೆಗೆ ಸಹಿ ಹಾಕುವವರೂ ಅಷ್ಟೇ ಶ್ರದ್ಧೆಯಿಂದ ಬಳಸಬೇಕು.

ನಕಾಶೆಯಲ್ಲಿ ಹಳ್ಳದ ಗೆರೆ ಇದೆ, ಆದರೆ ಸ್ಥಳದಲ್ಲಿ ಉತ್ತು ಸಮ ಮಾಡಿದ್ದಾರೆ ಎನ್ನೋಣ. ನೀರು ನಿಜಕ್ಕೂ ಎಲ್ಲಿ ಹರಿಯುತ್ತದೆಂದು ತಿಳಿಯಲು ಭೂಮಿಯ ಎತ್ತರದ ದತ್ತಾಂಶ ಬೇಕು. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರಾಡಾರ್‌ನಿಂದ ಅಳೆದ ದತ್ತಾಂಶ ಉಚಿತ. ಇಸ್ರೋದ ಕಾರ್ಟೊಸ್ಯಾಟ್ ಉಪಗ್ರಹದಿಂದ ತಯಾರಾದ ಎತ್ತರದ ಮಾದರಿ ಭುವನ್ ಜಾಲತಾಣದಲ್ಲಿದೆ. ನಕ್ಷೆಗಳ ಮೇಲೆ ಲೆಕ್ಕ ಹಾಕುವ ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೂ ಹಣ ಕೊಡಬೇಕಿಲ್ಲ. ನೆಲವನ್ನು ಚೌಕಗಳಾಗಿ ಒಡೆದು, ಪ್ರತಿ ಚೌಕದ ನೀರು ಸುತ್ತಲಿನ ಎಂಟು ಚೌಕಗಳಲ್ಲಿ ಅತಿ ಹೆಚ್ಚು ಇಳಿಜಾರಿರುವ ಕಡೆಗೆ ಹೋಗುತ್ತದೆಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಎಷ್ಟು ಚೌಕಗಳ ನೀರು ಒಂದೆಡೆ ಸೇರುತ್ತದೆಂದು ಕೂಡುತ್ತಾ ಹೋದರೆ ಹಳ್ಳಗಳ ಜಾಲ ತಾನಾಗಿ ಮೂಡುತ್ತದೆ. ಅದರ ಮೇಲೆ ಗ್ರಾಮನಕಾಶೆ, ಅದರ ಮೇಲೆ ಬಡಾವಣೆಯ ನಕ್ಷೆ ಇಟ್ಟರೆ ಯಾವ ಸೈಟುಗಳು ನೀರಿನ ದಾರಿಯಲ್ಲಿವೆಯೋ ಅವು ಎದ್ದು ಕಾಣುತ್ತವೆ. ಕಲಿತವರಿಗೆ ಒಂದು ಮಧ್ಯಾಹ್ನದ ಕೆಲಸ.

ಆದರೆ ಇಲ್ಲೇ ವೃತ್ತಿಯ ಪರಿಣತಿ ಪರೀಕ್ಷೆಗೆ ಒಳಗಾಗುವುದು. ಉಚಿತ ಎತ್ತರದ ದತ್ತಾಂಶದ ಒಂದು ಚೌಕದ ಅಗಲ ಸುಮಾರು 30 ಮೀಟರ್. ಅಂದರೆ 900 ಚದರ ಮೀಟರ್ ನೆಲಕ್ಕೆ ಒಂದೇ ಎತ್ತರದ ಅಂಕಿ. ನಮ್ಮ 30×40 ಅಡಿಯ ಸೈಟು 111 ಚದರ ಮೀಟರ್ ಇರುತ್ತದೆ. ಹೀಗೆ ಒಂದು ಚೌಕದೊಳಗೆ ಎಂಟು ಸೈಟುಗಳು ಅಡಗಿಬಿಡುತ್ತವೆ. ದೊಡ್ಡ ಹಳ್ಳವನ್ನು ಈ ದತ್ತಾಂಶ ತೋರಿಸುತ್ತದೆ. ಎರಡು ಮೀಟರ್ ಅಗಲದ ಕಾಲುವೆ, ಕೆರೆಯ ಕೋಡಿಯಿಂದ ಹೊರಟು ತೋಟದ ಬದಿಯಲ್ಲಿ ಹೋಗುವ ತೋಡು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಡ್ರೋನ್ ಸರ್ವೆ ಬೇಕು ಅಥವಾ ಮಳೆಗಾಲದಲ್ಲಿ ಹೋಗಿ ನಿಂತು ನೋಡಬೇಕು, ಇಲ್ಲವೇ ತೂಬು ಎತ್ತುತ್ತಿದ್ದ ನೀರುಗಂಟಿಯನ್ನು ಕೇಳಬೇಕು. ಪರದೆಯ ಮೇಲಿನ ಗೆರೆಯನ್ನು ಕಣ್ಣುಮುಚ್ಚಿ ನಂಬುವವರು ನಕ್ಷೆ ಓದದವರಷ್ಟೇ ಅಪಾಯಕಾರಿ. ಯಾವ ದತ್ತಾಂಶ ಏನನ್ನು ನೋಡಲಾರದು ಎಂಬ ಅರಿವೇ ಈ ವೃತ್ತಿಯ ಮೊದಲ ಪಾಠವಾಗಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಇಷ್ಟರವರೆಗಿನದನ್ನು ಭೂಗೋಳ ತಜ್ಞರೂ ಮಾಡಬಲ್ಲರು. ವಾಸ್ತುಶಿಲ್ಪಿಯ ಕೆಲಸ ಇಲ್ಲಿಂದ ಮುಂದಿನದು. ಬಡಾವಣೆ ಮಾಡುವವರು ಉದ್ಯಾನಕ್ಕೂ ನಾಗರಿಕ ಸೌಲಭ್ಯಕ್ಕೂ ಜಾಗ ಬಿಡಲೇಬೇಕೆಂಬ ನಿಯಮವಿದೆ. ಬಿಟ್ಟ ಜಾಗ ಎಲ್ಲಿರುತ್ತದೆ? ಬಹಳ ಕಡೆ ಯಾವ ಸೈಟಿಗೂ ಹೊಂದದ ಮೂಲೆಯ ತ್ರಿಕೋನದಲ್ಲಿ, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿಯಲ್ಲಿ. ಅದೇ ಜಾಗವನ್ನು ಹಳ್ಳದ ಇಕ್ಕೆಲಗಳಲ್ಲಿ ಉದ್ದಕ್ಕೆ ಹಂಚಿದರೆ ಹಳ್ಳವೂ ಉಳಿಯುತ್ತದೆ, ಮಕ್ಕಳು ದೊಡ್ಡ ರಸ್ತೆಗೆ ಇಳಿಯದೆ ಶಾಲೆಗೆ ನಡೆಯುವ ನೆರಳಿನ ದಾರಿಯೂ ಆಗುತ್ತದೆ. ಮಾರಾಟಕ್ಕೆ ಸಿಗುವ ಸೈಟುಗಳ ಸಂಖ್ಯೆ ಕಡಿಮೆಯಾಗಬೇಕಿಲ್ಲ. ರಸ್ತೆಗಳ ದಿಕ್ಕನ್ನು ಬದಲಿಸುತ್ತಾ ಹತ್ತಾರು ಬಗೆಯ ವಿನ್ಯಾಸಗಳನ್ನು ಗಣಕದಲ್ಲಿ ಹಾಕಿ, ಪ್ರತಿಯೊಂದರಲ್ಲೂ ಸೈಟು ಎಷ್ಟು, ಚರಂಡಿಯ ಉದ್ದ ಎಷ್ಟು, ಮಣ್ಣು ಅಗೆತ ಎಷ್ಟು ಎಂದು ಹೋಲಿಸಬಹುದು. ಆ ಲೆಕ್ಕವನ್ನು ಮುಂದಿಟ್ಟಾಗ ಬಡಾವಣೆಯ ಮಾಲೀಕರೂ ಕಿವಿಗೊಡುತ್ತಾರೆ. ಪರಿಸರದ ಹೆಸರಿನಲ್ಲಿ ಬೇಡ ಎನ್ನುವುದಕ್ಕಿಂತ ಹೀಗೆ ಮಾಡಿ ನೋಡಿ ಎಂದು ತೋರಿಸುವುದರಲ್ಲಿ ಹೆಚ್ಚು ಬಲವಿದೆ.

ಹುಣಸಿನಕೆರೆ, ಸತ್ಯಮಂಗಲ ಕೆರೆಗಳ ಸುತ್ತ ಊರು ಬೆಳೆದ ಮೇಲೆ ಏನನ್ನು ಸರಿಪಡಿಸುವುದಕ್ಕೂ ಹಣ ಮತ್ತು ಜಗಳ ಎರಡೂ ಬೇಕು. ಪಾಲಿಕೆಯ ಎಲ್ಲೆಯೊಳಗೆ ಹೊಸದಾಗಿ ಬರುವ ಹಳ್ಳಿಗಳ ಕೆರೆಗಳಿಗೆ ಇನ್ನೂ ಕಾಲ ಮಿಂಚಿಲ್ಲ. ನನ್ನ ಅವಸರಕ್ಕೆ ಕಾರಣ ಇದೇ.

ಹಾಸನಾಂಬೆಯ ಸರತಿ ಸಾಲು

ನೀರಿನ ಹಾಗೆಯೇ ಜನರ ಹರಿವೂ ಹಾಸನಕ್ಕೆ ದೊಡ್ಡ ಪ್ರಶ್ನೆ. ಆಶ್ವಯುಜ ಮಾಸದ ಹುಣ್ಣಿಮೆಯ ನಂತರದ ಮೊದಲ ಗುರುವಾರ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆರೆಯುತ್ತದೆ. ಬಲಿಪಾಡ್ಯಮಿ ಕಳೆದ ಬೆನ್ನಿಗೇ ಮುಚ್ಚುತ್ತದೆ. ಈ ಕೆಲವೇ ದಿನಗಳಲ್ಲಿ ಲಕ್ಷ ಲಕ್ಷ ಭಕ್ತರು ಹಳೆಯ ಊರಿನ ಬೀದಿಗಳಿಗೆ ಬರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾಗಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ದೂರದ ಊರುಗಳಿಂದ ಬರುವವರೂ ಹೆಚ್ಚಿದರು. ಅದೇ ವರ್ಷದ ನವೆಂಬರ್‌ನಲ್ಲಿ ಸರತಿ ಸಾಲಿನ ಬಳಿ ವಿದ್ಯುತ್ ತಗುಲಿ ನೂಕುನುಗ್ಗಲಾಗಿ ಹಲವರು ಗಾಯಗೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಪ್ರಾಣ ಕಳೆದುಕೊಂಡ ಮೇಲಂತೂ ಇದು ಬಂದೋಬಸ್ತಿನ ವಿಷಯ ಮಾತ್ರ ಎಂದು ಯಾರೂ ಹೇಳಲಾರರು.

ಗುಂಪಿನ ಚಲನೆಗೆ ಒಂದು ಶಾಸ್ತ್ರವಿದೆ. ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರಿದ್ದಾಗ ನಡಿಗೆ ನಿಧಾನವಾದರೂ ಪ್ರತಿಯೊಬ್ಬರ ಹೆಜ್ಜೆಯೂ ಅವರ ಹತೋಟಿಯಲ್ಲೇ ಇರುತ್ತದೆ. ಆ ಸಂಖ್ಯೆ ಏಳರ ಹತ್ತಿರ ಬಂದಾಗ ಗುಂಪು ದ್ರವದಂತೆ ವರ್ತಿಸುತ್ತದೆ, ಹಿಂದಿನ ಒತ್ತಡ ಅಲೆಯಾಗಿ ಮುಂದಕ್ಕೆ ಸಾಗುತ್ತದೆ, ಯಾರ ಕಾಲೂ ಅವರ ಹತೋಟಿಯಲ್ಲಿರುವುದಿಲ್ಲ. ಜನರನ್ನು ಪರಸ್ಪರ ತಳ್ಳುವ, ಸೆಳೆಯುವ ಬಲಗಳಿಗೆ ಒಳಪಟ್ಟ ಕಣಗಳಂತೆ ಲೆಕ್ಕಹಾಕುವ ಗಣಿತದ ಮಾದರಿಯನ್ನು ಡಿರ್ಕ್ ಹೆಲ್ಬಿಂಗ್ ಮತ್ತು ಪೀಟರ್ ಮೊಲ್ನಾರ್ 1995ರಲ್ಲಿ ಮುಂದಿಟ್ಟರು. 2006ರ ಜನವರಿಯಲ್ಲಿ ಹಜ್ ಯಾತ್ರೆಯ ವೇಳೆ ಮೆಕ್ಕಾ ಹತ್ತಿರದ ಮಿನಾದಲ್ಲಿ ಜಮರಾತ್ ಸೇತುವೆಯ ಬಳಿ ಮುನ್ನೂರಕ್ಕೂ ಹೆಚ್ಚು ಜನ ಕಾಲ್ತುಳಿತಕ್ಕೆ ಬಲಿಯಾದಾಗ ಹೆಲ್ಬಿಂಗ್ ತಂಡ ಅಲ್ಲಿನ ವಿಡಿಯೊ ದೃಶ್ಯಗಳನ್ನು ಗಣಕದಲ್ಲಿ ಪರಿಶೀಲಿಸಿತು. ಸರಾಗವಾಗಿದ್ದ ಹರಿವು ಮೊದಲು ನಿಂತು ಸಾಗುವ ಅಲೆಗಳಾಗಿ, ಆಮೇಲೆ ಎಲ್ಲ ದಿಕ್ಕಿಗೂ ತಳ್ಳಾಡುವ ಸುಳಿಯಾಗಿ ಮಾರ್ಪಟ್ಟಿತ್ತು. ಅಂದರೆ ದುರಂತಕ್ಕೆ ಮುನ್ಸೂಚನೆ ಇತ್ತು, ಓದಬಲ್ಲವರು ಅಲ್ಲಿರಲಿಲ್ಲ. ಹಳೆಯ ಸೇತುವೆಯನ್ನು ಕೆಡವಿ ಹಲವು ಅಂತಸ್ತುಗಳ ಹೊಸದನ್ನು ಕಟ್ಟಿದರು, ಒಂದೇ ದಿಕ್ಕಿನ ಸಂಚಾರ ಮತ್ತು ಸಮಯದ ಹಂಚಿಕೆಯನ್ನು ತಂದರು.

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ, ಅದನ್ನು ಬಿಡಬಾರದು. 2015ರ ಸೆಪ್ಟೆಂಬರ್‌ನಲ್ಲಿ ಅದೇ ಮಿನಾದಲ್ಲಿ ಇನ್ನೂ ಭೀಕರ ದುರಂತ ನಡೆಯಿತು. ಈ ಬಾರಿ ಸೇತುವೆಯ ಬಳಿಯಲ್ಲ, ಅದರತ್ತ ಹೋಗುವ ಬೀದಿಯಲ್ಲಿ. ಒಂದು ಇಕ್ಕಟ್ಟನ್ನು ಬಿಡಿಸಿದರೆ ಸಾಲದು, ಇಡೀ ದಾರಿಯನ್ನು ಒಂದಾಗಿ ನೋಡಬೇಕು. ಹಾಸನದಲ್ಲಿ ನಾವು ನೋಡುವುದು ದೇವಸ್ಥಾನದ ಮುಂದಿನ ಬ್ಯಾರಿಕೇಡ್‌ಗಳನ್ನು. ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣದಲ್ಲಿ ಇಳಿದವರು ಯಾವ ಬೀದಿ ಹಿಡಿಯುತ್ತಾರೆ, ಎನ್.ಆರ್. ವೃತ್ತದಲ್ಲಿ ಬಿ.ಎಂ. ರಸ್ತೆಯ ವಾಹನಗಳಿಗೆ ಎಷ್ಟು ಹೊತ್ತಿನಲ್ಲಿ ಎದುರಾಗುತ್ತಾರೆ, ದರ್ಶನ ಮುಗಿಸಿದವರು ಬರುವವರಿಗೆ ಎಲ್ಲಿ ಅಡ್ಡ ಬೀಳುತ್ತಾರೆ, ವಯಸ್ಸಾದವರು ಎಲ್ಲಿ ಕೂರುತ್ತಾರೆ, ಹೆಂಗಸರಿಗೆ ಶೌಚಾಲಯ ಎಷ್ಟು ದೂರ ಎಂಬುದೆಲ್ಲ ಒಂದೇ ನಕ್ಷೆಯಲ್ಲಿ ಬರಬೇಕು. ಬೀದಿಗಳ ಅಗಲ ಅಳೆದು, ಹಿಂದಿನ ವರ್ಷಗಳ ಗಂಟೆವಾರು ದರ್ಶನದ ಲೆಕ್ಕ ಹಿಡಿದು, ಗಣಕದಲ್ಲಿ ಜನರನ್ನು ನಡೆಸಿ ನೋಡಿದರೆ ಎಲ್ಲಿ ಉಸಿರು ಕಟ್ಟುತ್ತದೆಂದು ಹಬ್ಬಕ್ಕೆ ಎರಡು ತಿಂಗಳು ಮೊದಲೇ ತಿಳಿಯುತ್ತದೆ. ಇನ್ನೂ ಮುಖ್ಯವಾದ ಮಾತೊಂದಿದೆ: ಪ್ರತಿ ವರ್ಷ ಕಟ್ಟಿ ಬಿಚ್ಚುವ ಚಪ್ಪರ, ತಡೆಗಳಿಗೆ ಸುರಿಯುವ ಹಣದಲ್ಲಿ ಒಂದಷ್ಟನ್ನು ವರ್ಷವಿಡೀ ಉಳಿಯುವ ಪಾದಚಾರಿ ಮಾರ್ಗ, ನೆರಳು, ಕುಡಿಯುವ ನೀರಿಗೆ ಹಾಕಿದರೆ ಹಳೆಯ ಊರಿನ ನಿವಾಸಿಗಳಿಗೂ ಅದರ ಫಲ ಸಿಗುತ್ತದೆ. ಬಂದೋಬಸ್ತಿನ ಹೊಣೆ ಹೊತ್ತ ಪೊಲೀಸರಿಂದ ಇಷ್ಟನ್ನೂ ನಿರೀಕ್ಷಿಸುವುದು ತಪ್ಪು. ಇದು ನಗರ ವಿನ್ಯಾಸಕರ ಕೆಲಸ.

ಸಕಲೇಶಪುರ, ಆಲೂರು, ಬೇಲೂರು ಭಾಗದ ಕಾಡಾನೆಗಳಿಗೆ ರೇಡಿಯೊ ಕಾಲರ್ ಹಾಕಿ, ಹಿಂಡು ಎಲ್ಲಿದೆ ಎಂದು ಅರಣ್ಯ ಇಲಾಖೆ ಊರವರಿಗೆ ಎಚ್ಚರಿಕೆ ಕಳುಹಿಸುತ್ತಿದೆ. ಚಲನೆಯ ದತ್ತಾಂಶ ಜೀವ ಉಳಿಸಬಲ್ಲದು ಎಂದು ನಮ್ಮ ಜಿಲ್ಲೆಗೆ ಹೊಸದಾಗಿ ಯಾರೂ ಹೇಳಿಕೊಡಬೇಕಿಲ್ಲ. 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವೂ ಹಾಸನದಲ್ಲೇ ಇದೆ. 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುವ ಊರಿಗೆ ತನ್ನ ಬೀದಿಗಳಲ್ಲಿನ ಚಲನೆಯನ್ನು ಅಳೆಯುವುದು ಅಸಾಧ್ಯವೇನಲ್ಲ.

ಚಿಕ್ಕಮಗಳೂರಿನ ಪ್ರಶ್ನೆ ಸ್ವಲ್ಪ ಬೇರೆ. ಅಲ್ಲಿ ಇಳಿಜಾರೇ ಮುಖ್ಯ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡ ಕುಸಿದ ನೆನಪು ಇನ್ನೂ ಹಸಿಯಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಭೂಕುಸಿತದ ಸಾಧ್ಯತೆಯ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ತಯಾರಿಸಿದೆ. ಆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ತಾಲ್ಲೂಕಿನ ಮಟ್ಟದಲ್ಲಿ ಎಚ್ಚರಿಸಲು ಅದು ಸಾಕು, ಒಂದು ಹೋಂಸ್ಟೇ ಎಲ್ಲಿ ಕಟ್ಟಬಹುದೆಂದು ಹೇಳಲು ಸಾಲದು. ಈ ಎರಡು ಅಳತೆಗಳ ನಡುವಿನ ಅಂತರವನ್ನು ತುಂಬುವವರು, ಅಂದರೆ ಜಾಗಕ್ಕೆ ಹೋಗಿ ಮಣ್ಣು, ಒರತೆ, ಕಡಿದ ದಿಬ್ಬ ನೋಡಿ ಕಟ್ಟಡದ ನೆಲೆಯನ್ನು ನಿರ್ಧರಿಸುವವರು ಬೇಕು. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ನೋಂದಣಿಯನ್ನು ಜಿಲ್ಲಾಡಳಿತ ತಂದಿದೆ, ಅದು ಒಳ್ಳೆಯ ಹೆಜ್ಜೆ. ಗಿರಿಯ ಬುಡದಲ್ಲಿ ಏಳುವ ಕಟ್ಟಡಗಳಿಗೂ ಅಂಥ ಮುಂಗಾಣ್ಕೆ ಬೇಕು.

ಬೇಲೂರು, ಹಳೇಬೀಡಿನ ದೇವಾಲಯಗಳು ಸೋಮನಾಥಪುರದೊಂದಿಗೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಬೇಲೂರಿನ ದೇವಸ್ಥಾನದ ಸುತ್ತ ತಲೆಮಾರುಗಳಿಂದ ಇರುವವರಿಗೆ ಮನೆ ದುರಸ್ತಿಗೂ ಅಲೆದಾಟ ತಪ್ಪಿಲ್ಲ. ಪ್ರತಿ ಬೀದಿಯ ಮನೆಗಳನ್ನು ಈಗಿರುವಂತೆ ಅಳೆದು ಮೂರು ಆಯಾಮದಲ್ಲಿ ದಾಖಲಿಸಿಟ್ಟರೆ, ಎಷ್ಟು ಎತ್ತರ ಏರಿಸಿದರೆ ಗೋಪುರದ ನೋಟಕ್ಕೆ ಅಡ್ಡಿ, ಎಷ್ಟಕ್ಕೆ ಇಲ್ಲ ಎಂಬುದನ್ನು ಊಹೆಯಿಂದಲ್ಲದೆ ಅಳತೆಯಿಂದಲೇ ಹೇಳಬಹುದು. ಸ್ಮಾರಕಕ್ಕೂ ಜನರಿಗೂ ಇದರಿಂದ ನ್ಯಾಯ ಸಿಗುತ್ತದೆ.

ಕೆಲಸವಿದೆ, ಹುದ್ದೆಯಿಲ್ಲ

ಇಷ್ಟೆಲ್ಲ ಕೆಲಸವಿದ್ದರೂ ಹಾಸನದ ಹುಡುಗ ಹುಡುಗಿಯರು ವಾಸ್ತುಶಿಲ್ಪ ಓದಿ ಬೆಂಗಳೂರಿನಲ್ಲೇ ಉಳಿಯುತ್ತಾರೆ. ಪಿಯುಸಿಯಲ್ಲಿ ಗಣಿತ ಓದಿ, ನಾಟಾ ಪ್ರವೇಶ ಪರೀಕ್ಷೆ ಬರೆದು, ಐದು ವರ್ಷದ ಬಿ.ಆರ್ಕ್ ಮುಗಿಸಿ, 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಮೇಲೆ ಅವರಿಗೆ ಸಿಗುವುದು ಬಹಳ ಸಲ ಯಾರೋ ದೂರದ ದೇಶದವರ ಕಟ್ಟಡಗಳಿಗೆ ಗಣಕದಲ್ಲಿ ನಕ್ಷೆ ತುಂಬುವ ಕೆಲಸ. ಆ ತಂತ್ರಾಂಶಗಳಲ್ಲಿ ಅವರು ಪಳಗಿರುತ್ತಾರೆ. ಅದೇ ಪರಿಣತಿಯನ್ನು ಹಿಡಿದು ಊರಿಗೆ ಮರಳಿದರೆ ಮನೆ ಕಟ್ಟಿಸುವವರು ಕೇಳುವುದು ಮುಂಭಾಗದ ಚಿತ್ರವನ್ನು. ಜಾಗದ ಸರ್ವೆಗೂ ನೀರಿನ ಅಧ್ಯಯನಕ್ಕೂ ಪ್ರತ್ಯೇಕ ಹಣ ಕೊಡುವ ರೂಢಿ ಇಲ್ಲ. ನಕ್ಷೆಯನ್ನು ಸಿವಿಲ್ ಎಂಜಿನಿಯರೋ ಅನುಭವಿ ಮೇಸ್ತ್ರಿಯೋ ಕಡಿಮೆ ದುಡ್ಡಿಗೆ ಮಾಡಿಕೊಡುತ್ತಾರೆ. ಕಾಯ್ದೆ ವಾಸ್ತುಶಿಲ್ಪಿ ಎಂಬ ಹೆಸರಿಗೆ ರಕ್ಷಣೆ ಕೊಡುತ್ತದೆಯೇ ಹೊರತು ವಿನ್ಯಾಸದ ಕೆಲಸವನ್ನು ಇತರರು ಮಾಡುವುದನ್ನು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಖಾಸಗಿ ಮನೆಗಳನ್ನೇ ನಂಬಿ ಈ ವೃತ್ತಿ ಹಾಸನದಲ್ಲಿ ಬೆಳೆಯಲಾರದು. ಸಾರ್ವಜನಿಕ ಸಂಸ್ಥೆಯೇ ಇದಕ್ಕೆ ನೆಲೆ ಕೊಡಬೇಕು.

ಸಾರ್ವಜನಿಕ ಸಂಸ್ಥೆ ಈಗ ಏನು ಮಾಡುತ್ತಿದೆ? ನಗರಗಳ ಮೂಲಸೌಕರ್ಯಕ್ಕೆಂದು ಕೇಂದ್ರ 2015ರಲ್ಲಿ ಆರಂಭಿಸಿದ ಅಮೃತ್ ಯೋಜನೆಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಇದ್ದವು. ಅಮೃತ್ ನಗರಗಳಿಗೆ 1:4,000 ಪ್ರಮಾಣದ, ಜಿಐಎಸ್ (ಗಣಕದಲ್ಲಿ ನಕ್ಷೆ ಮತ್ತು ಮಾಹಿತಿಯನ್ನು ಪದರ ಪದರವಾಗಿ ಜೋಡಿಸುವ ವ್ಯವಸ್ಥೆ) ಆಧಾರಿತ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ತಯಾರಿಸಲು ಕೇಂದ್ರ ಹಣ ಕೊಟ್ಟಿತು. ಆ ಪ್ರಮಾಣದಲ್ಲಿ ಒಂದು ಸೆಂಟಿಮೀಟರ್ ಎಂದರೆ 40 ಮೀಟರ್, ಬೀದಿ ಬೀದಿಯನ್ನು ಬಿಡಿಬಿಡಿಯಾಗಿ ತೋರಿಸಬಲ್ಲ ಅಳತೆ. ಇಂಥ ಕೆಲಸಗಳು ಸಾಮಾನ್ಯವಾಗಿ ಟೆಂಡರ್ ಮೂಲಕ ಹೊರಗಿನ ಸಲಹಾ ಸಂಸ್ಥೆಗೆ ಹೋಗುತ್ತವೆ. ಸಂಸ್ಥೆ ದತ್ತಾಂಶ ಸಂಗ್ರಹಿಸಿ, ವರದಿ ಕೊಟ್ಟು, ಬಿಲ್ ಪಡೆದು ಹೋಗುತ್ತದೆ. ಮರುವರ್ಷ ರಸ್ತೆ ಬದಲಾದರೆ ಕಡತವನ್ನು ತಿದ್ದುವವರು ಕಚೇರಿಯಲ್ಲಿ ಇರುವುದಿಲ್ಲ. ನಕ್ಷೆ ಹಳತಾಗುತ್ತದೆ, ಅಧಿಕಾರಿಗಳು ಮತ್ತೆ ಕೈಬರಹದ ಸ್ಕೆಚ್‌ಗೆ ಮರಳುತ್ತಾರೆ. ಸ್ಮಾರ್ಟ್ ಸಿಟಿ ಯೋಜನೆಯ ಅನುಭವವೂ ನಮಗೆ ಎಚ್ಚರಿಕೆ. ರಾಜ್ಯದ ಏಳು ನಗರಗಳು ಅದರಲ್ಲಿದ್ದವು, ಹಾಸನ ಇರಲಿಲ್ಲ, 2025ರ ಮಾರ್ಚ್‌ನಲ್ಲಿ ಯೋಜನೆ ಮುಗಿಯಿತು. ಗೋಡೆ ತುಂಬ ಪರದೆಗಳಿರುವ ನಿಯಂತ್ರಣ ಕೊಠಡಿ ಕಟ್ಟುವುದು ಸುಲಭ. ಆ ಪರದೆಯಲ್ಲಿ ಕಂಡದ್ದನ್ನು ಬೀದಿಯ ವಿನ್ಯಾಸಕ್ಕೆ ತರುವ ಜನ ಬೇಕು. ಹಾಸನ ಆ ಯೋಜನೆಗೆ ಆಯ್ಕೆಯಾಗದಿದ್ದುದಕ್ಕೆ ನನಗೆ ಖಂಡಿತ ಬೇಸರವಿಲ್ಲ.

ದತ್ತಾಂಶ ಎಂದಾಗ ಜನರಿಗೆ ಭಯವೂ ಇರಬೇಕು, ಅದು ನ್ಯಾಯವಾದದ್ದೇ. ಗೂಗಲ್‌ನ ಸೋದರ ಸಂಸ್ಥೆಯೊಂದು ಟೊರಾಂಟೊ ನಗರದ ಸರೋವರದ ದಂಡೆಯಲ್ಲಿ ಸಂವೇದಕಗಳಿಂದ ತುಂಬಿದ ಬಡಾವಣೆ ಕಟ್ಟುವುದಾಗಿ 2017ರಲ್ಲಿ ಘೋಷಿಸಿತು. ಜನರ ಓಡಾಟದ ಮಾಹಿತಿ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಒಪ್ಪುವ ಉತ್ತರ ಸಿಗಲಿಲ್ಲ, ವಿರೋಧ ಬೆಳೆಯಿತು. 2020ರ ಮೇ ತಿಂಗಳಲ್ಲಿ ಆರ್ಥಿಕ ಅನಿಶ್ಚಿತತೆಯ ಕಾರಣ ನೀಡಿ ಸಂಸ್ಥೆ ಹಿಂದೆ ಸರಿಯಿತು. ನಮ್ಮಲ್ಲೂ ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಹಾಸನಾಂಬೆಯ ದಾರಿಯಲ್ಲಿ ಎಷ್ಟು ಜನ ನಡೆದರು ಎಂಬುದು ವಿನ್ಯಾಸಕ್ಕೆ ಬೇಕು, ಯಾರು ನಡೆದರು ಎಂಬುದು ಬೇಡ. ತಲೆ ಎಣಿಸುವುದಕ್ಕೂ ಮುಖ ಗುರುತಿಸುವುದಕ್ಕೂ ನಡುವಿನ ಗೆರೆಯನ್ನು ಕಾಯುವುದು ಈ ವೃತ್ತಿಯವರ ಹೊಣೆ.

ಹಾಗಾಗಿ ಪಾಲಿಕೆಯ ಹೊಸ ವೃಂದ ಮತ್ತು ಹುದ್ದೆಗಳ ಪಟ್ಟಿ ತಯಾರಾಗುವ ಹೊತ್ತಿನಲ್ಲೇ ಒತ್ತಾಯ ಆಗಬೇಕು. ಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ ಎರಡಕ್ಕೂ ಸೇರಿ ಒಂದು ಸಣ್ಣ ವಿನ್ಯಾಸ ಘಟಕ ಸಾಕು: ನಗರ ವಿನ್ಯಾಸ ಓದಿದ ವಾಸ್ತುಶಿಲ್ಪಿ, ಜಿಐಎಸ್ ಬಲ್ಲವರು, ಸ್ಥಳ ಸರ್ವೆಗೆ ಹೋಗುವ ಭೂಮಾಪಕರು. ಗುತ್ತಿಗೆಯ ಮೇಲೆ ಹನ್ನೊಂದು ತಿಂಗಳಿಗೆ ತಂದು ಬಿಡುವ ಹುದ್ದೆಗಳಾಗಬಾರದು, ಏಕೆಂದರೆ ಊರಿನ ನೆನಪು ಕಟ್ಟಿಕೊಳ್ಳಲು ವರ್ಷಗಳು ಬೇಕು. ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವ ಮೊದಲು ಈ ಘಟಕದ ನೀರಿನ ದಾರಿಯ ಪರಿಶೀಲನೆ ಕಡತದಲ್ಲಿ ಇರಲೇಬೇಕೆಂಬ ನಿಯಮವೂ ಜೊತೆಗೆ ಬರಬೇಕು. ಅಧಿಕಾರವಿಲ್ಲದೆ ಕೇವಲ ಕಂಪ್ಯೂಟರ್ ಕೊಟ್ಟು ಕೂರಿಸಿದರೆ ಅವರು ಸಭೆಗಳಿಗೆ ಚಿತ್ರ ತಯಾರಿಸುವವರಾಗಿ ಉಳಿದುಬಿಡುತ್ತಾರೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆಯ ಕರಡಿಗೆ ಸಾರ್ವಜನಿಕರು ಆಕ್ಷೇಪಣೆ, ಸಲಹೆ ಸಲ್ಲಿಸಬಹುದು. ಕಚೇರಿಯ ಗೋಡೆಗೆ ತೂಗುಹಾಕಿದ ಬಣ್ಣದ ಹಾಳೆಯನ್ನು ನೋಡಿ ರೈತರೊಬ್ಬರು ತಮ್ಮ ಹೊಲ ಹಳದಿಯಲ್ಲಿದೆಯೋ ಹಸಿರಿನಲ್ಲಿದೆಯೋ ಎಂದು ಪತ್ತೆ ಹಚ್ಚುವುದು ಕಷ್ಟ. ಅದೇ ಕರಡು ಮೊಬೈಲ್‌ನಲ್ಲಿ, ಕನ್ನಡದಲ್ಲಿ, ಸರ್ವೆ ನಂಬರ್ ಒತ್ತಿದ ಕೂಡಲೇ ತೆರೆದುಕೊಂಡರೆ ಅವರು ಬಂದು ಇಲ್ಲಿ ಹಳ್ಳವಿದೆ, ನಿಮ್ಮ ಗೆರೆ ತಪ್ಪು ಎಂದು ಹೇಳಬಲ್ಲರು. 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿಟ್ಟುಕೊಂಡ ಜನಗಣತಿಯ ಅಂಕಿಗಳು ಬಂದ ಮೇಲೆ ಹಾಸನದ ಮಹಾಯೋಜನೆಗೆ ಹೊಸ ಲೆಕ್ಕ ಬೇಕೇ ಬೇಕು. ಅಷ್ಟರೊಳಗೆ ಪಾಲಿಕೆಗೆ ಸೇರುವ ಪ್ರತಿ ಹಳ್ಳಿಯ ಕೆರೆ, ಕೋಡಿ, ಹಳ್ಳ, ಬಂಡಿದಾರಿಗಳನ್ನು ಸ್ಥಳದಲ್ಲೇ ನಡೆದು ಅಳೆದು ಒಂದೇ ನಕ್ಷೆಗೆ ತರುವ ಕೆಲಸ ಮುಗಿದಿರಬೇಕು, ಅದೂ ಈ ಮಳೆಗಾಲದಿಂದಲೇ ಆರಂಭವಾಗಬೇಕು. ನೀರು ಹರಿಯುವುದನ್ನು ಕಣ್ಣಾರೆ ಕಂಡು ಗುರುತು ಹಾಕಲು ಬೇರೆ ಕಾಲವಿಲ್ಲ.